ಹಳೆಯ ಮಾದರಿಯ ರೈಫಲ್‌ಗಳ ದುರಸ್ತಿ: ಅಪರಿಚಿತ ಥ್ರೆಡ್ ಗುರುತಿಸುವ ಬಗೆ

ಹತ್ತೊಂಬತ್ತನೆಯ ಶತಮಾನದ ರೈಫಲ್‌ಗಳ ಪ್ರತಿಕೃತಿಗಳಿಗೆ ಯುರೋಪ್ ಮತ್ತು ಅಮೆರಿಕಗಳಲ್ಲಿ ನೆಲೆನಿಂತ ಮಾರುಕಟ್ಟೆಯಿದೆ. ಗುರಿ ಸ್ಪರ್ಧೆಗಳಲ್ಲಿಯೂ ಐತಿಹಾಸಿಕ ಕದನಗಳ ಮರುಪ್ರದರ್ಶನಗಳಲ್ಲಿಯೂ ಅವು ನಿಜವಾಗಿ ಬಳಕೆಯಾಗುವುದರಿಂದ ತಿರುಪುಗಳು ಸವೆಯುತ್ತವೆ, ಮುರಿಯುತ್ತವೆ, ಕಳೆದುಹೋಗುತ್ತವೆ. ದುರಸ್ತಿಗಾರನ ತೊಂದರೆ ಆಗ ಮೊದಲಾಗುತ್ತದೆ. ಅಂಗಡಿಯಲ್ಲಿರುವ ಯಾವ ತಿರುಪೂ ಹೊಂದದಿದ್ದರೆ ಸ್ವಲ್ಪ ಕಾಲ ವ್ಯರ್ಥವಾಗುತ್ತದೆ, ಅಷ್ಟೆ. ಹೊಂದಿದಂತೆ ತೋರುವ ತಿರುಪು ಸಿಕ್ಕಿದಾಗಲೇ ನಿಜವಾದ ಹಾನಿಯಾಗುವುದು.

ಪ್ರತಿಕೃತಿಯು ಮೂಲ ಬಂದೂಕಿನ ಹೊರ ರೂಪವನ್ನು ಅನುಸರಿಸುತ್ತದೆಯೇ ಹೊರತು ಒಳಗಿನ ಥ್ರೆಡ್‌ಗಳನ್ನಲ್ಲ. ಬ್ರಿಟನ್ನಿನಲ್ಲಿ ಜೋಸೆಫ್ ವಿಟ್ವರ್ತ್ 1841ರಲ್ಲಿ 55 ಡಿಗ್ರಿ ಕೋನದ ಥ್ರೆಡ್ ಪದ್ಧತಿಯನ್ನು ಸೂಚಿಸಿದರು. ನಮ್ಮ ನಲ್ಲಿ, ಕೊಳಾಯಿಗಳ ಥ್ರೆಡ್ ಇಂದಿಗೂ ಅದೇ 55 ಡಿಗ್ರಿಯದು. ಇದೇ ವಿಟ್ವರ್ತ್ ಷಟ್ಕೋನ ನಳಿಗೆಯ ರೈಫಲನ್ನೂ ರೂಪಿಸಿ, 1857ರ ಪರೀಕ್ಷೆಗಳಲ್ಲಿ ಎನ್‌ಫೀಲ್ಡ್ ರೈಫಲನ್ನು ಹಿಂದಿಕ್ಕಿದರು. ಅದೇ ವರ್ಷ ಭಾರತದಲ್ಲಿ ಕೊಬ್ಬು ಸವರಿದ ತೋಟಾಗಳ ಮೂಲಕ ಕುಖ್ಯಾತವಾದುದೂ ಆ ಎನ್‌ಫೀಲ್ಡ್ ರೈಫಲ್ಲೇ. ಅಮೆರಿಕದಲ್ಲಿ ವಿಲಿಯಂ ಸೆಲ್ಲರ್ಸ್ 1864ರಲ್ಲಿ 60 ಡಿಗ್ರಿ ಕೋನವನ್ನು ಸೂಚಿಸಿದರು. ಮೆಟ್ರಿಕ್ ಥ್ರೆಡ್‌ಗೂ ಅದೇ ಕೋನ. ಬ್ರಿಟನ್ನಿನ ಸಣ್ಣ ತಿರುಪುಗಳಿಗಾದ ಬಿಎ ಪದ್ಧತಿಯ ಕೋನ ಮಾತ್ರ 47.5 ಡಿಗ್ರಿ.

ಇಂದಿನ ಪ್ರತಿಕೃತಿಗಳಲ್ಲಿ ಬಹುಪಾಲು ಇಟಲಿಯ ಬ್ರೆಶಿಯಾ ಸಮೀಪದ ಗಾರ್ಡೋನೆ ವಾಲ್ ಟ್ರೊಂಪಿಯಾ ಪ್ರದೇಶದಲ್ಲಿ ತಯಾರಾಗುತ್ತವೆ. ಅವುಗಳಲ್ಲಿ ಸಾಮಾನ್ಯವಾಗಿ ಮೆಟ್ರಿಕ್ ಥ್ರೆಡ್ ಇರುತ್ತದೆ. ಆದರೆ ಅಮೆರಿಕದ ಮಾರುಕಟ್ಟೆಯ ಬಿಡಿಭಾಗ ಹೊಂದಲೆಂದು ಒಂದೆರಡು ಕಡೆ ಅಂಗುಲದ ಅಳತೆಯನ್ನು ಉಳಿಸಿಕೊಂಡಿರುವುದೂ ಉಂಟು. ಹಾಗಾಗಿ ಒಂದೇ ಬಂದೂಕಿನಲ್ಲಿ ಎರಡು ಪದ್ಧತಿಗಳು ಕಂಡರೆ ಬೆರಗಾಗಬೇಕಿಲ್ಲ. ಹೆಸರನ್ನು ನಂಬುವಂತೆಯೂ ಇಲ್ಲ. ಬರ್ಮಿಂಗ್‌ಹ್ಯಾಮಿನ ಪಾರ್ಕರ್-ಹೇಲ್ ಸಂಸ್ಥೆಯು 1970ರ ದಶಕದಲ್ಲಿ ಎನ್‌ಫೀಲ್ಡ್ ಪ್ರತಿಕೃತಿಗಳನ್ನು ಹೊರತಂದಿತು. ಮುಂದೆ ಅದೇ ಹೆಸರಿನ ಬಂದೂಕುಗಳು ಇಟಲಿಯಿಂದ ಬಂದವು. ಹೆಸರಿಗಿಂತ ನಳಿಗೆಯ ಮೇಲಿನ ಪರೀಕ್ಷಾ ಮುದ್ರೆ ಹೆಚ್ಚು ವಿಶ್ವಾಸಾರ್ಹ. ಇಟಲಿಯ ಮುದ್ರೆಗಳಲ್ಲಿ ಕರಿಮದ್ದನ್ನು ಸೂಚಿಸುವ ‘ಪಿಎನ್’ ಅಕ್ಷರಗಳೂ ತಯಾರಿಕೆಯ ವರ್ಷದ ಸಂಕೇತವೂ ಇರುತ್ತವೆ. ಮುದ್ರೆಯನ್ನು ಓದಿದರೆ ಯಾವ ಪದ್ಧತಿಯಿಂದ ಹುಡುಕಾಟ ಆರಂಭಿಸಬೇಕೆಂಬುದು ತಿಳಿಯುತ್ತದೆ.

ಅಳತೆಗೆ ಮುನ್ನ ಒಂದು ಕೆಲಸವಿದೆ. ನಳಿಗೆಯ ಬಾಯಿಯಿಂದ ಮದ್ದು ತುಂಬುವ ಬಂದೂಕು ಹಲವು ವರ್ಷಗಳ ಕಾಲ ತುಂಬಿದ ಸ್ಥಿತಿಯಲ್ಲೇ ಗೋಡೆಯ ಮೇಲೆ ಇದ್ದಿರಬಹುದು. ಗಜಕಡ್ಡಿಯನ್ನು ನಳಿಗೆಗೆ ಇಳಿಬಿಟ್ಟು, ಅದು ಇಳಿದ ಆಳವನ್ನು ನಳಿಗೆಯ ಹೊರಗೆ ಹಿಡಿದು ನೋಡಬೇಕು. ಕಡ್ಡಿಯು ಬುಡದವರೆಗೆ ತಲುಪದಿದ್ದರೆ ಒಳಗೆ ಏನೋ ಇದೆ ಎಂದರ್ಥ. ಇದನ್ನು ನೋಡದೆ ಬಿಗಿದ ತಿರುಪಿಗೆ ಶಾಖ ಕೊಡುವುದು ಪ್ರಾಣಾಪಾಯದ ಕೆಲಸ.

ಥ್ರೆಡ್ ಗುರುತಿಸಲು ಹೊರವ್ಯಾಸ, ಪಿಚ್, ಕೋನ ಈ ಮೂರೂ ಬೇಕು. ಅನೇಕರು ವ್ಯಾಸವನ್ನಷ್ಟೇ ಅಳೆದು ತೀರ್ಮಾನಕ್ಕೆ ಬರುತ್ತಾರೆ. ಅದು ಎಷ್ಟು ಮೋಸಗೊಳಿಸುತ್ತದೆ ಎಂಬುದಕ್ಕೆ ಐದು ಮಿಲಿಮೀಟರಿನ ಆಸುಪಾಸಿನ ಮೂರು ತಿರುಪುಗಳನ್ನು ನೋಡಬಹುದು. 2 ಬಿಎ ತಿರುಪಿನ ವ್ಯಾಸ 4.70 ಮಿ.ಮೀ., ಪಿಚ್ 0.81. ಅಮೆರಿಕದ 10-32 ತಿರುಪಿನ ವ್ಯಾಸ 4.83, ಪಿಚ್ 0.794. ಮೆಟ್ರಿಕ್ ಎಂ5 ತಿರುಪಿನದು 5.00 ಮತ್ತು 0.80. ಸವೆದ ತಿರುಪು ತನ್ನ ನಿಗದಿತ ವ್ಯಾಸಕ್ಕಿಂತ ಕಡಿಮೆ ತೋರುವುದು ಸಹಜವಾದ ಕಾರಣ, ಸವೆದ ಎಂ5 ಅನ್ನು 10-32 ಎಂದು ಬಗೆಯುವುದು ಸುಲಭ. 10-32 ತಿರುಪು ಎಂ5 ರಂಧ್ರದೊಳಗೆ ಸಲೀಸಾಗಿ ಹೋಗಿ, ತುಸು ಅಲುಗಾಡಿದರೂ ಹಿಡಿದುಕೊಳ್ಳುತ್ತದೆ. ಕೆಲಸ ಮುಗಿಯಿತೆಂದು ಬಂದೂಕನ್ನು ಹಿಂದಿರುಗಿಸಿದ ಮೇಲೆ, ಹೊಡೆತದಿಂದ ಹೊಡೆತಕ್ಕೆ ಅದು ಸಡಿಲವಾಗುತ್ತ ರಂಧ್ರದ ಎಳೆಗಳನ್ನು ತಿನ್ನುತ್ತದೆ. 0 ಬಿಎ ಮತ್ತು ಎಂ6 ಇನ್ನೂ ಕಠಿಣ ಜೋಡಿ: ಎರಡರ ವ್ಯಾಸವೂ 6 ಮಿ.ಮೀ., ಪಿಚ್ಚೂ 1 ಮಿ.ಮೀ. ಕೋನವೊಂದೇ ಬೇರೆ. ಆದ್ದರಿಂದ ಎಳೆಗಳ ಪಕ್ಕಗಳು ಪೂರ್ಣವಾಗಿ ಒಂದರ ಮೇಲೊಂದು ಕೂರುವುದಿಲ್ಲ.

ಪಿಚ್ ಅಳೆಯಲು 55 ಮತ್ತು 60 ಡಿಗ್ರಿಯ ಎರಡು ಪಿಚ್ ಗೇಜ್‌ಗಳಿರಬೇಕು. ಬಿಎ ಗೇಜ್ ಸಿಕ್ಕಿದರೆ ಅದೂ ಇರಲಿ. ಗೇಜನ್ನು ತಿರುಪಿನ ಮೇಲಿಟ್ಟು ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ನೋಡಬೇಕು. ಹಲ್ಲುಗಳ ಸಂಖ್ಯೆ ಹೊಂದಿಯೂ ಪಕ್ಕಗಳಲ್ಲಿ ಬೆಳಕು ಇಣುಕಿದರೆ ಕೋನ ಬೇರೆ ಎಂದು ತಿಳಿಯಬೇಕು. ಗೇಜ್ ಇಲ್ಲದಿದ್ದರೆ ಅಳತೆ ಗೊತ್ತಿರುವ ಟ್ಯಾಪನ್ನು ತಿರುಪಿನ ಪಕ್ಕಕ್ಕೆ ಒತ್ತಿ ಹಿಡಿದು, ಎರಡರ ಎಳೆಗಳು ಉದ್ದಕ್ಕೂ ಕೂಡುತ್ತವೆಯೇ ಎಂದು ನೋಡುವುದೂ ಒಳ್ಳೆಯ ಉಪಾಯವೇ.

ಬಂದೂಕಿನಲ್ಲಿ ಅತ್ಯಂತ ಎಚ್ಚರ ಬೇಡುವ ಥ್ರೆಡ್ ನಿಪ್ಪಲ್‌ನದು. ಸಿಡಿಯುವ ಕ್ಯಾಪನ್ನು ಕೂರಿಸುವ ಈ ಪುಟ್ಟ ಭಾಗದ ಹಿಂದೆ ಮದ್ದಿನ ಒತ್ತಡವಿರುತ್ತದೆ, ಮುಂದೆ ಗುರಿಕಾರನ ಮುಖವಿರುತ್ತದೆ. ನಿಪ್ಪಲ್‌ಗಳು ಕಾಲಂಗುಲ ವ್ಯಾಸದ, ಅಂಗುಲಕ್ಕೆ 28 ಎಳೆಯವು, 6×1.0, 6×0.75 ಎಂಬ ಮೂರು ಅಳತೆಗಳಲ್ಲಿ ವಿಶೇಷವಾಗಿ ಮಾರಾಟವಾಗುತ್ತವೆ. ಬರಿಗಣ್ಣಿಗೆ ಮೂರೂ ಒಂದೇ. ಅಂಗುಲಕ್ಕೆ 28 ಎಳೆಯೆಂದರೆ ಪಿಚ್ 0.907 ಮಿ.ಮೀ.; ಆರು ಎಳೆಗಳ ಉದ್ದದಲ್ಲಿ ಒಂದು ಮಿ.ಮೀ. ಪಿಚ್‌ಗೂ ಅದಕ್ಕೂ ಅರ್ಧ ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬೀಳುತ್ತದೆ. ಇದರಿಂದ ತಪ್ಪು ನಿಪ್ಪಲ್ ಒಂದೆರಡು ಸುತ್ತು ಹೋಗಿ ಬಿಗಿಯುತ್ತದೆ. ಹೊಸ ಭಾಗವೆಂದು ಬಿಗಿಯಾಗಿದೆ ಎಂದುಕೊಂಡು ಕೀಲಿ ಹಾಕಿ ತಿರುಗಿಸಿದವನು ರಂಧ್ರದ ಎಳೆಗಳನ್ನು ಕತ್ತರಿಸುತ್ತಾನೆ. ಅಂಥ ನಿಪ್ಪಲ್ ಗುಂಡು ಹಾರಿಸುವಾಗ ಕಿತ್ತು ಹಿಂದಕ್ಕೆ ಹಾರಬಹುದು. ಕೇವಲ ಬೆರಳುಗಳಿಂದ ಪೂರ್ತಿ ಆಳಕ್ಕೆ ಇಳಿಯದ ನಿಪ್ಪಲನ್ನು ಹೊರತೆಗೆದು ಮತ್ತೆ ಅಳೆಯಬೇಕು.

ತಿರುಪು ಕಳೆದುಹೋಗಿ ರಂಧ್ರವಷ್ಟೇ ಉಳಿದಿದ್ದರೆ, ಅಳತೆ ಗೊತ್ತಿರುವ ತಿರುಪುಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಬೆರಳಿನಿಂದಲೇ ಹಾಕಿ ನೋಡಬಹುದು. ಬಂದೂಕು ಕೆಲಸದವರು ಬಳಸುವ ಸೆರೋಸೇಫ್ ಎಂಬ ಬಿಸ್ಮತ್ ಮಿಶ್ರಲೋಹವು ಸುಮಾರು 70ರಿಂದ 88 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಅದರಿಂದ ರಂಧ್ರದ ಅಚ್ಚು ತೆಗೆದು ಆ ಅಚ್ಚನ್ನೇ ಅಳೆಯುವುದು ಇನ್ನೂ ನಿಖರ.

ಅಳತೆ ಖಚಿತವಾದ ಮೇಲೆ, ರಂಧ್ರವನ್ನು ದೊಡ್ಡದು ಮಾಡಿ ಕೈಗೆ ಸಿಕ್ಕ ಟ್ಯಾಪ್ ಹಾಕುವುದಕ್ಕಿಂತ ಲೇತ್‌ನಲ್ಲಿ ಸರಿಯಾದ ತಿರುಪನ್ನು ತಿರುವುವುದೇ ಮೇಲು. ಅಂಗುಲದ ಲೀಡ್‌ಸ್ಕ್ರೂ ಇರುವ ಲೇತ್‌ಗೂ 127 ಹಲ್ಲಿನ ಗೇರ್ ಸೇರಿಸಿದರೆ ನಿಖರವಾದ ಮೆಟ್ರಿಕ್ ಪಿಚ್ ಬರುತ್ತದೆ. ಐದು ಅಂಗುಲವೆಂದರೆ ಸರಿಯಾಗಿ 127 ಮಿ.ಮೀ. ತಾನೆ. ಹತ್ತಿಪ್ಪತ್ತು ತಿರುಪುಗಳ ಬೇಡಿಕೆ ದೊಡ್ಡ ಕಾರ್ಖಾನೆಗೆ ಗಿಟ್ಟುವುದಿಲ್ಲ. ಸಣ್ಣ ಕಾರ್ಯಾಗಾರಕ್ಕೆ ಗಿಟ್ಟುತ್ತದೆ. ಹಳೆಯ ಇಂಗ್ಲಿಷ್ ಯಂತ್ರಗಳ ದುರಸ್ತಿಗೂ ಇದೇ ಪರಿಣತಿ ಒದಗುತ್ತದೆ.

ಭಾರತದಲ್ಲಿ ಬಂದೂಕನ್ನೇ ದುರಸ್ತಿಗೆ ತೆಗೆದುಕೊಳ್ಳಲು 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೆಯ ವಿಧಿಯನ್ವಯ ಪರವಾನಗಿ ಕಡ್ಡಾಯ. ಗುಂಡು ಹಾರಿಸಬಲ್ಲ ಪ್ರತಿಕೃತಿಯೂ ಬಂದೂಕೇ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ದೊರೆತ, 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಲಾದ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು. ದುರಸ್ತಿಯ ವ್ಯವಹಾರಕ್ಕೆ ಅದು ಅನ್ವಯಿಸದು. ಪರವಾನಗಿಯುಳ್ಳ ದುರಸ್ತಿಗಾರರಿಗೆ ತಿರುಪು ಮಾಡಿಕೊಡುವವರು ಬಂದೂಕಿನ ಬದಲು ಹಳೆಯ ತಿರುಪನ್ನು ಅಥವಾ ಅಚ್ಚನ್ನು ಮಾತ್ರ ತರಿಸಿಕೊಂಡು, ವ್ಯಾಸ, ಪಿಚ್, ಕೋನಗಳನ್ನು ಬಿಲ್ಲಿನಲ್ಲಿಯೇ ನಮೂದಿಸಿ ಕೊಡುವುದು ಲೇಸು.