ಇನ್‌ಬಾಕ್ಸ್‌ಗೆ ಬಂದ ಇಮೇಲ್ ಎಲ್ಲಾ ಅಸಲಿಯೇ?

"ಆದಾಯ ತೆರಿಗೆ ರೀಫಂಡ್ ಮಂಜೂರಾಗಿದೆ, ಈ ಲಿಂಕ್ ಒತ್ತಿ ಖಾತೆ ವಿವರ ಕೊಡಿ" ಎಂಬ ಇಮೇಲ್. ಅದರ ಸ್ಕ್ರೀನ್‌ಶಾಟ್ ವಾಟ್ಸಾಪ್ ಗ್ರೂಪಿಗೆ ಬರುತ್ತದೆ, ಜೊತೆಗೊಂದು ಸಾಲು: "ಸ್ಪ್ಯಾಮ್‌ಗೆ ಹೋಗಿಲ್ಲ, ಇನ್‌ಬಾಕ್ಸ್‌ಗೇ ಬಂದಿದೆ, ಹಾಗಾಗಿ ನಿಜ." ಈ ಲೆಕ್ಕ ನಂಬಿದರೆ ಖಾತೆ ಖಾಲಿಯಾಗಬಹುದು.

ಹಗರಿಬೊಮ್ಮನಹಳ್ಳಿಯ ಅಂಚೆ ಡಬ್ಬಿಗೆ ಯಾರು ಬೇಕಾದರೂ ಕವರ್ ಹಾಕಬಹುದು. 'ಇಂದ: ವಿಧಾನಸೌಧ' ಎಂದು ಬರೆದಿದ್ದರೂ ಡಬ್ಬಿ ಬೇಡ ಎನ್ನುವುದಿಲ್ಲ. 1982ರಲ್ಲಿ ಇಮೇಲ್ ಕಳಿಸುವ ನಿಯಮಗಳು ರೂಪುಗೊಂಡಾಗಲೂ ಹೀಗೇ ಇತ್ತು. ಕಳಿಸಿದವರ ಜಾಗದಲ್ಲಿ ಯಾರ ವಿಳಾಸವನ್ನಾದರೂ ಬರೆಯಬಹುದಿತ್ತು. ಕಳ್ಳರಿಗೆ ಅಷ್ಟು ಸಾಕು.

ಇದಕ್ಕೆ ಹುಡುಕಿದ ಮದ್ದು ಡಿಜಿಟಲ್ ಸಹಿ. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರಗಳಲ್ಲಿ ಈ ಮಾತು ನೋಡಿರುತ್ತೀರಿ. ಇಮೇಲ್‌ಗಾಗಿ ಯಾಹೂ ಮತ್ತು ಸಿಸ್ಕೊ ಬೇರೆಬೇರೆಯಾಗಿ ಮಾಡಿಕೊಂಡಿದ್ದ ವಿಧಾನಗಳು ಒಂದಾಗಿ 2007ರಲ್ಲಿ 'ಡಿಕಿಮ್' ಎಂಬ ಮಾನದಂಡ ಬಂತು. ಇದರಲ್ಲಿ ಬ್ಯಾಂಕಿನ ಮೇಲ್ ಸರ್ವರ್ ಬಳಿ ಒಂದು ಗುಟ್ಟಿನ ಕೀಲಿ ಇರುತ್ತದೆ. ಹೊರಡುವ ಪ್ರತಿ ಮೇಲ್‌ನ ಒಕ್ಕಣೆಯನ್ನು ಲೆಕ್ಕಕ್ಕೆ ತೆಗೆದುಕೊಂಡು, ಆ ಕೀಲಿಯಿಂದ ಸಹಿ ತಯಾರಿಸಿ, ನಮಗೆ ಕಾಣದ ಭಾಗದಲ್ಲಿ ಅದನ್ನು ಸೇರಿಸುತ್ತದೆ. ಆ ಕೀಲಿಯ ಜೋಡಿಯನ್ನು ಬ್ಯಾಂಕ್ ತನ್ನ ಡೊಮೈನ್ ಹೆಸರಿನಡಿ ಎಲ್ಲರಿಗೂ ಸಿಗುವಂತೆ ಇಟ್ಟಿರುತ್ತದೆ. ಜಿಮೇಲ್ ಸರ್ವರ್ ಅದನ್ನು ತಂದು ಸಹಿ ತಾಳೆ ನೋಡುತ್ತದೆ. ದಾರಿಯಲ್ಲಿ ಯಾರಾದರೂ 5,000 ರೂಪಾಯಿಗೆ ಒಂದು ಸೊನ್ನೆ ಸೇರಿಸಿದರೂ ತಾಳೆಯಾಗದು. ತಾಳೆಯಾಗದ ಮೇಲನ್ನು ಸ್ಪ್ಯಾಮ್‌ಗೆ ತಳ್ಳಬೇಕೋ, ಪೂರ್ತಿ ತಿರಸ್ಕರಿಸಬೇಕೋ ಎಂದು ಡೊಮೈನ್ ಮಾಲೀಕರೇ 'ಡಿಮಾರ್ಕ್' ಎಂಬ ಸೂಚನೆ ಕೊಟ್ಟಿರಬಹುದು. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರಿಗೆ 2024ರ ಫೆಬ್ರವರಿಯಿಂದ ಎರಡೂ ಕಡ್ಡಾಯ.

ಸರಿ, ಸಹಿ ತಾಳೆಯಾಯಿತು. ಗೊತ್ತಾದದ್ದೇನು? ಮೇಲ್‌ಗೆ ಯಾವ ಡೊಮೈನ್ ಸಹಿ ಹಾಕಿದೆ, ಆಮೇಲೆ ಅದು ಬದಲಾಗಿದೆಯೇ ಇಲ್ಲವೇ, ಅಷ್ಟೇ. ಶೇಂಗಾ ಬಿತ್ತನೆ ಬೀಜದ ಚೀಲದ ಹೊಲಿಗೆ ಬಿಚ್ಚಿಲ್ಲ ಎಂದ ಮಾತ್ರಕ್ಕೆ ಒಳಗಿನ ಬೀಜ ಮೊಳೆಯುತ್ತದೆ ಎಂದೇನಿಲ್ಲವಲ್ಲ, ಹಾಗೆ. ಕಳ್ಳ ಬ್ಯಾಂಕಿನ ಹೆಸರನ್ನೇ ಹೋಲುವ ಡೊಮೈನ್ ಕೊಂಡು, ಅದರದೇ ಕೀಲಿಯಿಂದ ಸಹಿ ಹಾಕಿ ಕಳಿಸಬಹುದು. ಆ ಸಹಿಯೂ ಪಾಸ್!

ಹಾಗಾಗಿ ನೋಡಬೇಕಾದದ್ದು ಸಹಿ ಯಾರದು ಎಂಬುದನ್ನು. ಕಂಪ್ಯೂಟರ್‌ನಲ್ಲಿ ಜಿಮೇಲ್ ತೆರೆದು, ಕಳಿಸಿದವರ ಹೆಸರಿನ ಕೆಳಗಿರುವ ಪುಟ್ಟ ಬಾಣ ಒತ್ತಿ. 'ಸೈನ್ಡ್ ಬೈ' ಎಂಬ ಸಾಲಿನ ಮುಂದೆ ಡೊಮೈನ್ ಕಾಣುತ್ತದೆ. ಆದಾಯ ತೆರಿಗೆ ಇಲಾಖೆಯ ಜಾಲತಾಣದ ವಿಳಾಸ ಕೊನೆಯಾಗುವುದು 'ಡಾಟ್ ಗೌ ಡಾಟ್ ಇನ್' ಎಂದು. ಬ್ಯಾಂಕುಗಳು ತಮ್ಮ ಜಾಲತಾಣಗಳನ್ನು 2025ರ ಅಕ್ಟೋಬರ್ 31ರೊಳಗೆ 'ಡಾಟ್ ಬ್ಯಾಂಕ್ ಡಾಟ್ ಇನ್'ಗೆ ಬದಲಿಸಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತ್ತು. ಆ ಹೆಸರು ಬ್ಯಾಂಕುಗಳಿಗಷ್ಟೇ ಸಿಗುತ್ತದೆ. ಲಿಂಕ್‌ನಲ್ಲಿ ಡೊಮೈನ್ ಹೆಸರು ಎಲ್ಲಿ ಮುಗಿಯುತ್ತದೆ ನೋಡಿ: 'ಬ್ಯಾಂಕ್ ಡಾಟ್ ಇನ್' ನಡುವೆ ಬಂದು, ಅದಕ್ಕೆ ಅಡ್ಡಗೆರೆಯೋ ಚುಕ್ಕಿಯೋ ಹತ್ತಿ ಬೇರೆ ಹೆಸರು ಮುಂದುವರಿದಿದ್ದರೆ ಅದು ಬ್ಯಾಂಕಿನದಲ್ಲ.

ಗ್ರೂಪಿಗೆ ಬಂದ ಸ್ಕ್ರೀನ್‌ಶಾಟ್‌ನಲ್ಲಿ ಈ ಸಹಿ ಇರುವುದೇ ಇಲ್ಲ, ಅದು ಬರೀ ಚಿತ್ರ. ಇಮೇಲನ್ನೇ ನೀವು ಫಾರ್ವರ್ಡ್ ಮಾಡಿದರೂ ಅದು ಹೊಸ ಮೇಲ್. ಅದರ ಮೇಲಿನ ಸಹಿ ನಿಮ್ಮ ಮೇಲ್ ಸೇವೆಯದು, ಬ್ಯಾಂಕಿನದಲ್ಲ. ಲಿಂಕ್ ಒತ್ತಿ ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.