ಗಿರಣಿ ನಿಂತ ಮೇಲಿನ ಹುಬ್ಬಳ್ಳಿ

ಹತ್ತಿ ಮತ್ತು ರೈಲಿನಿಂದ ಬೆಳೆದ ಹುಬ್ಬಳ್ಳಿ-ಧಾರವಾಡ ಅವಳಿ ನಗರ ಈಗ ವಾಲ್ವ್, ಬಸ್ಸು, ಸಾಫ್ಟ್‌ವೇರ್‌ಗಳ ಊರಾಗುತ್ತಿದೆ. ಈ ಹೊಸ ಬದುಕಿನಲ್ಲಿ ಗಿರಣಿ ಓಣಿಗಳ ಪಾಲೆಷ್ಟು?

ಹುಬ್ಬಳ್ಳಿಯಲ್ಲಿ ವಾಲ್ವ್ ಪರೀಕ್ಷೆ ನಡೆಯುವುದನ್ನು ಒಮ್ಮೆ ನಿಂತು ನೋಡಬೇಕು. ಭಾರದ ಉಕ್ಕಿನ ವಾಲ್ವನ್ನು ಕ್ರೇನಿನಿಂದ ಇಳಿಸಿ, ಎರಡೂ ಬಾಯಿಗಳಿಗೆ ಮುಚ್ಚಳ ಬಿಗಿಯುತ್ತಾರೆ. ಒಳಗೆ ನೀರು ತುಂಬಿ, ಗಾಳಿಯನ್ನೆಲ್ಲ ಹೊರಬಿಟ್ಟು, ಪಂಪಿನಿಂದ ಒತ್ತಡ ಏರಿಸುತ್ತ ಹೋಗುತ್ತಾರೆ. ವಾಲ್ವ್ ತಡೆಯಬೇಕಾದ ಒತ್ತಡದ ಒಂದೂವರೆ ಪಟ್ಟಿಗೆ ಮೀಟರಿನ ಮುಳ್ಳು ಬಂದು ನಿಂತಾಗ ಕೆಲಸಗಾರ ಎರಕದ ಮೈಯನ್ನು, ಕೂಡುಗಳನ್ನು, ಬೋಲ್ಟುಗಳ ಸುತ್ತಲನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾನೆ. ಎಲ್ಲಾದರೂ ಒಂದು ಹನಿ ಜಿನುಗಿತೆಂದರೆ ಅಷ್ಟು ದಿನದ ಕೆಲಸ ವಾಪಸು. ಎಣ್ಣೆ ಶುದ್ಧೀಕರಣ ಘಟಕದಲ್ಲೋ ವಿದ್ಯುತ್ ಸ್ಥಾವರದಲ್ಲೋ ಆ ವಾಲ್ವ್ ಸೋರಿದರೆ ಹೋಗುವುದು ಮನುಷ್ಯರ ಜೀವ. ಆದ್ದರಿಂದ ಇಲ್ಲಿ 'ನಡೀತದ ಬಿಡು' ಎನ್ನುವ ಮಾತಿಗೆ ಜಾಗವಿಲ್ಲ.

ಹುಬ್ಬಳ್ಳಿ ಎಂದರೆ ಹೊರಗಿನವರಿಗೆ ಗಿರ್ಮಿಟ್ಟು, ಸಿದ್ಧಾರೂಢರ ಮಠ, ಜವಳಿ ಸಂತೆ ನೆನಪಾಗುತ್ತವೆ. ದೇಶದ ಮುಖ್ಯ ವಾಲ್ವ್ ತಯಾರಿಕಾ ಕೇಂದ್ರಗಳಲ್ಲಿ ಇದೂ ಒಂದು ಎನ್ನುವುದು ಊರಿನವರಲ್ಲೇ ಎಷ್ಟೋ ಜನರಿಗೆ ಗೊತ್ತಿಲ್ಲ. ಇಲ್ಲಿಯೇ ಹುಟ್ಟಿ ಬೆಳೆದ ಬಿಡಿಕೆ ಕಂಪನಿಯಲ್ಲಿ ಸ್ಕಾಟ್ಲೆಂಡಿನ ವಿಯರ್ ಸಮೂಹ 2010ರಲ್ಲಿ ಬಂಡವಾಳ ಹೂಡಿತು. ಮೈಕ್ರೋಫಿನಿಷ್ ಕೂಡ ಇದೇ ಮಣ್ಣಿನದು. ಇಂಥ ಕಂಪನಿಗಳ ಬೆನ್ನಿಗೆ ಎರಕದ ಮನೆಗಳು, ಪ್ಯಾಟರ್ನ್ ಮಾಡುವವರು, ಲೇಥ್ ಶೆಡ್ಡುಗಳು ಗೋಕುಲ ರಸ್ತೆಯಿಂದ ತಾರಿಹಾಳದವರೆಗೆ ಹರಡಿಕೊಂಡಿವೆ. ಗಿರಣಿಗಳು ಬಾಗಿಲು ಹಾಕಿದ ಊರು ಕೈಚೆಲ್ಲಿ ಕೂರಲಿಲ್ಲ ಎನ್ನುವುದಕ್ಕೆ ಈ ಶೆಡ್ಡುಗಳೇ ಸಾಕ್ಷಿ.

ಹತ್ತಿ ತಂದ ಸಿರಿ

ಈ ಊರಿನ ಮೊದಲ ಸಂಪತ್ತು ಎರೆಹೊಲದಿಂದ ಬಂತು. ಧಾರವಾಡ ಸೀಮೆಯ ನಾಟಿ ಹತ್ತಿ ಚಕ್ಕಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರು ಸೇರುತ್ತಿತ್ತು. ವ್ಯಾಪಾರಿಗಳ ಬಾಯಲ್ಲಿ ಅದು 'ಕುಮಟಾ ಹತ್ತಿ'ಯೆಂದೇ ಹೆಸರಾಯಿತು. 1840ರ ದಶಕದಲ್ಲಿ ಬ್ರಿಟಿಷರು ಅಮೆರಿಕದ ನ್ಯೂ ಓರ್ಲಿಯನ್ಸ್ ತಳಿಯ ಬೀಜವನ್ನು ಇಲ್ಲಿನ ಹೊಲಗಳಿಗೆ ತಂದರು. 'ಧಾರವಾಡ ಅಮೆರಿಕನ್' ಎಂಬ ಹೊಸ ಹೆಸರು ಮಾರುಕಟ್ಟೆಗೆ ಬಂತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಮ್ಯಾಂಚೆಸ್ಟರಿಗೆ ಬರುವುದು ನಿಂತಾಗ ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂತು. ಸಾವಿರಾರು ಮೈಲಿ ಆಚೆಯ ಯುದ್ಧ ಹುಬ್ಬಳ್ಳಿಯ ದಲಾಲಿ ಅಂಗಡಿಗಳನ್ನು ತುಂಬಿಸಿತು.

ಮುಂದೆ ರೈಲು ಬಂತು. 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪನಿ ಆ ದಶಕದಲ್ಲೇ ಹುಬ್ಬಳ್ಳಿಯಲ್ಲಿ ತನ್ನ ವರ್ಕ್‌ಶಾಪ್ ಕಟ್ಟಿತು. ಘಟ್ಟದ ಮಾರ್ಗ ಮುಗಿದು ಮರ್ಮಗೋವಾ ಬಂದರಿಗೆ ಹಳಿ ಸೇರಿದ ಮೇಲೆ ಹತ್ತಿ ಅಂಡಿಗೆಗಳು ಚಕ್ಕಡಿ ಬಿಟ್ಟು ಬೋಗಿ ಹತ್ತಿದವು. ಕುಮಟೆಯ ಹತ್ತಿ ವ್ಯಾಪಾರ ಸೊರಗಿತು, ಹುಬ್ಬಳ್ಳಿ ಉಬ್ಬಿತು. ಒಂದು ಊರಿನ ಏಳಿಗೆಗೆ ಇನ್ನೊಂದು ಊರು ತೆತ್ತ ಬೆಲೆಯನ್ನು ನಾವು ಹುಬ್ಬಳ್ಳಿಯವರು ನೆನೆಯುವುದು ಕಡಿಮೆ. ಜಿನ್ನಿಂಗ್, ಪ್ರೆಸ್ಸಿಂಗ್ ಕಾರ್ಖಾನೆಗಳೂ ನೂಲಿನ, ಬಟ್ಟೆಯ ಗಿರಣಿಗಳೂ ಎದ್ದವು. ಗಿರಣಿ ಕೆಲಸಗಾರರು ನೆಲೆಸಿದ ಗಿರಣಿ ಚಾಳ ಇವತ್ತಿಗೂ ಊರ ನಕಾಶೆಯಲ್ಲಿದೆ. ಕಾರವಾರ ರಸ್ತೆಯ ಭಾರತ ಮಿಲ್ ವೃತ್ತ, ನ್ಯೂ ಕಾಟನ್ ಮಾರ್ಕೆಟ್ಟು ಕೂಡ ಆ ಕಾಲದ ಗುರುತುಗಳೇ. ಬೆಳಗಿನ ಭೋಂಗಾ ಕೂಗಿದರೆ ಬುತ್ತಿ ಹಿಡಿದು ಹೊರಡುತ್ತಿದ್ದ ಪಾಳಿಯ ಜನರಿಂದಲೇ ಈ ಊರಿಗೆ 'ಛೋಟಾ ಬಾಂಬೆ' ಎನ್ನುವ ಮಾತು ಒಪ್ಪುತ್ತಿತ್ತು.

ಆಮೇಲಿನ ಕತೆ ಮುಂಬೈ, ದಾವಣಗೆರೆ, ಕಲಬುರ್ಗಿಗಳದ್ದೇ. ಹಳೆಯ ಯಂತ್ರಗಳಿಗೆ ಹೊಸ ಬಂಡವಾಳ ಬರಲಿಲ್ಲ. ಪವರ್‌ಲೂಮಿನ ಅಗ್ಗದ ಬಟ್ಟೆ, ಪಾಲಿಯೆಸ್ಟರ್ ಸೀರೆ ಮಾರುಕಟ್ಟೆ ಹಿಡಿದವು. ಗಿರಣಿಗಿಂತ ಗಿರಣಿ ನಿಂತ ಜಾಗಕ್ಕೇ ಹೆಚ್ಚು ಬೆಲೆ ಬಂತು. ಒಂದೊಂದೇ ಪಾಳಿ ಕಡಿಮೆಯಾಗಿ ಕೊನೆಗೆ ಭೋಂಗಾ ನಿಂತಿತು. ಮಗ್ಗದ ಮುಂದೆ ಹರೆಯ ಕಳೆದ ಗಂಡಸರು ವಾಚ್‌ಮನ್ ಕೆಲಸಕ್ಕೆ, ಹಮಾಲಿಗೆ, ಆಟೋ ಓಡಿಸಲು ಹೋದರು. ಮನೆಯ ಹೆಂಗಸರು ರೊಟ್ಟಿ ಬಡಿದು, ಹೊಲಿಗೆ ಹಾಕಿ ಸಂಸಾರ ತೂಗಿಸಿದರು. ಗಿರಣಿ ಮುಚ್ಚಿದ್ದರ ನಿಜವಾದ ಭಾರ ಹೊತ್ತವರು ಅವರು.

ಒಂದೇ ಚಿಮಣಿ ನಂಬದ ಊರು

ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಕುದುರೆಮುಖದಲ್ಲಿ ಅದಿರು ತೆಗೆಯುವುದು 2005ರ ಕೊನೆಗೆ ನಿಂತಿತು. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣ ಕಾರ್ಖಾನೆ, ವಿಶ್ವೇಶ್ವರಯ್ಯನವರ ಹೆಸರು ಹೊತ್ತೂ, ಮುಚ್ಚುವ ತೀರ್ಮಾನದ ಕತ್ತಿಯಡಿಯಲ್ಲಿ ದಿನ ದೂಡುತ್ತ ಬಂದಿದೆ. ಈ ಮೂರೂ ಊರುಗಳು ಒಬ್ಬನೇ ಯಜಮಾನನನ್ನು ನಂಬಿದ್ದವು. ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ, ನೀರು, ದೀಪ ಎಲ್ಲವೂ ಕಂಪನಿಯದೇ. ಕಂಪನಿ ಕುಸಿದಾಗ ಊರಿನ ಉಸಿರೂ ಕಟ್ಟಿತು.

ಹುಬ್ಬಳ್ಳಿ ಪಾರಾದದ್ದು ಅದಕ್ಕೆ ಹಲವು ಕಾಲುಗಳಿದ್ದ ಕಾರಣ. ಗಿರಣಿ ಹೋದರೂ ವರ್ಕ್‌ಶಾಪ್ ಇತ್ತು, ದುರ್ಗದ ಬೈಲಿನ ವ್ಯಾಪಾರವಿತ್ತು, ಅಮರಗೋಳದ ಕೃಷಿ ಮಾರುಕಟ್ಟೆ ಇತ್ತು. ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜು 1947ರಿಂದ ಓದಿದ ಕೈಗಳನ್ನು ತಯಾರು ಮಾಡುತ್ತಿತ್ತು. ಇವುಗಳಲ್ಲಿ ವರ್ಕ್‌ಶಾಪಿನ ಪಾತ್ರವೇ ದೊಡ್ಡದು ಎಂಬುದು ನನ್ನ ಅನಿಸಿಕೆ. ಬೋಗಿಯನ್ನು ಪೂರ್ತಿ ಬಿಚ್ಚಿ, ಗಾಲಿ, ಸ್ಪ್ರಿಂಗು, ಬ್ರೇಕು ಒಂದೊಂದನ್ನೂ ಅಳೆದು ಸರಿಪಡಿಸಿ ಮತ್ತೆ ಜೋಡಿಸುವ ಜಾಗವದು. ಕೂದಲೆಳೆಯ ಅಳತೆಗೆ ಬೆಲೆ ಕೊಡುವ ಕಣ್ಣು ಈ ಊರಿಗೆ ಅಲ್ಲಿಂದ ಬಂತು. ಒಂದು ಶತಮಾನ ಫಿಟ್ಟರ್, ಟರ್ನರ್, ಬ್ಲ್ಯಾಕ್‌ಸ್ಮಿತ್‌ಗಳು ಮನೆಮಾತಾಗಿದ್ದ ಊರಿನಲ್ಲಿ ವಾಲ್ವ್ ಕಾರ್ಖಾನೆ ಬೇರು ಬಿಟ್ಟದ್ದು ಆಶ್ಚರ್ಯವಲ್ಲ.

2003ರ ಏಪ್ರಿಲ್ 1ರಂದು ನೈಋತ್ಯ ರೈಲ್ವೆ ವಲಯ ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡು ಕೆಲಸ ಆರಂಭಿಸಿತು. ಅದಕ್ಕಾಗಿ ಈ ಭಾಗದ ಜನ ವರ್ಷಗಟ್ಟಲೆ ಹೋರಾಡಿದ್ದರು. 2023ರ ಮಾರ್ಚ್‌ನಲ್ಲಿ ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದಲ್ಲಿ 1,507 ಮೀಟರ್ ಉದ್ದದ, ಜಗತ್ತಿನ ಅತಿ ಉದ್ದದ ಪ್ಲ್ಯಾಟ್‌ಫಾರಂ ಉದ್ಘಾಟನೆಯಾಯಿತು. ಫೋಟೊ ತೆಗೆಸಿಕೊಳ್ಳಲು ಅದು ಚೆಂದ. ಆದರೆ ಬಳ್ಳಾರಿ-ಹೊಸಪೇಟೆಯ ಅದಿರನ್ನು ಕಡಲಿಗೆ ಒಯ್ಯುವ ಆಸೆಯಿಂದ ಯೋಜಿಸಿದ ಹುಬ್ಬಳ್ಳಿ-ಅಂಕೋಲಾ ಮಾರ್ಗ ಎರಡು ದಶಕ ಮೀರಿದರೂ ಕಾಡಿನ ಪ್ರಶ್ನೆಯಲ್ಲಿ ಸಿಕ್ಕಿಕೊಂಡಿದೆ. ಪಶ್ಚಿಮ ಘಟ್ಟದ ಅಷ್ಟು ಕಾಡನ್ನು ಅದಿರಿಗಾಗಿ ಕಡಿಯಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ, ಬೇಡ. ಅದಿರು ಸಾಗಿಸಿ ಬದುಕುವ ಊರಾಗುವುದಕ್ಕಿಂತ ಉಕ್ಕನ್ನು ಕಡೆದು ವಾಲ್ವ್ ಮಾಡುವ ಊರಾಗಿರುವುದು ಮೇಲು.

ಧಾರವಾಡದ ಬದಿಗೆ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಟಾಟಾ ಹಿಟಾಚಿ ಅಗೆಯುವ ಯಂತ್ರಗಳನ್ನು ಮಾಡುತ್ತದೆ. ಟಾಟಾ ಮೋಟರ್ಸ್ 2006ರಲ್ಲಿ ಬ್ರೆಜಿಲ್ಲಿನ ಮಾರ್ಕೊಪೋಲೊ ಜತೆ ಕೈಜೋಡಿಸಿತು, ಮುಂದೆ ಇಲ್ಲೇ ಬಸ್ಸು ಕಟ್ಟುವ ಘಟಕ ತೆರೆಯಿತು. ಐಐಟಿ 2016ರಲ್ಲಿ ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆಯ (ವಾಲ್ಮಿ) ಆವರಣದಲ್ಲಿ ಆರಂಭವಾಗಿ ಈಗ ಸ್ವಂತ ನೆಲೆಯಲ್ಲಿದೆ. ಹುಬ್ಬಳ್ಳಿಯ ಇನ್ಫೋಸಿಸ್ ಕಟ್ಟಡದಲ್ಲಿ ಕೆಲಸ ಶುರುವಾಗಲಿ ಎಂದು ಇಲ್ಲಿನ ಯುವಕರು ಅಭಿಯಾನವನ್ನೇ ನಡೆಸಬೇಕಾಯಿತು. 2022ರಲ್ಲಿ ಅದು ಕೈಗೂಡಿತು. ಹುಬ್ಬಳ್ಳಿಯವರೇ ಆದ ಗುರುರಾಜ ದೇಶಪಾಂಡೆ ಅಮೆರಿಕದಲ್ಲಿ ಗಳಿಸಿದ್ದನ್ನು ಊರಿಗೆ ತಂದು ಕಟ್ಟಿದ ದೇಶಪಾಂಡೆ ಫೌಂಡೇಶನ್ ಹೊಸ ಉದ್ದಿಮೆಗಳಿಗೆ ನೆಲೆ ಕೊಡುತ್ತಿದೆ, ಹಳ್ಳಿಯ ಪದವೀಧರರಿಗೆ ಕೆಲಸದ ತರಬೇತಿಯನ್ನೂ ಕೊಡುತ್ತಿದೆ. ಹುಬ್ಬಳ್ಳಿ-ಧಾರವಾಡಗಳ ನಡುವೆ 'ಚಿಗರಿ' ತ್ವರಿತ ಬಸ್ಸು ಓಡುತ್ತಿದೆ.

ಇಷ್ಟೆಲ್ಲ ಬಂದದ್ದು ಸಂತೋಷವೇ. ಆದರೆ ಚಿಗರಿ ಹತ್ತಿ ಉಣಕಲ್ ದಾಟುವವರಲ್ಲಿ ಗಿರಣಿ ಚಾಳದ ಮೊಮ್ಮಕ್ಕಳು ಎಷ್ಟು ಮಂದಿ, ಅವರು ಇಳಿಯುವುದು ಯಾವ ಗೇಟಿನ ಮುಂದೆ ಎಂದು ಯಾರೂ ಎಣಿಸುತ್ತಿಲ್ಲ. ಹಳೆಯ ಗಿರಣಿ ಓದು ಕೇಳದೆ ಕೆಲಸ ಕೊಡುತ್ತಿತ್ತು. ಹೊಸ ಕಂಪನಿ ಡಿಗ್ರಿ ಕೇಳುತ್ತದೆ, ಇಂಗ್ಲಿಷ್ ಕೇಳುತ್ತದೆ, ಇಲ್ಲವೆಂದರೆ ಗುತ್ತಿಗೆದಾರನ ಮೂಲಕ ಗೇಟಿಗೋ ಕ್ಯಾಂಟೀನಿಗೋ ಆಳು ತೆಗೆದುಕೊಳ್ಳುತ್ತದೆ. ಈ ಎರಡರ ನಡುವೆ ಇರುವುದು ಐಟಿಐ, ಡಿಪ್ಲೊಮಾ ಮತ್ತು ವಾಲ್ವ್ ಶೆಡ್ಡುಗಳಂಥ ಮಧ್ಯಮ ಉದ್ದಿಮೆ. ಊರಿನ ಮಾತುಕತೆಯಲ್ಲಿ ಅತಿ ಕಡಿಮೆ ಜಾಗ ಸಿಗುವುದೂ ಅವಕ್ಕೇ.

ಬೆಂಗೇರಿಯ ಹೊಲಿಗೆ

ಹತ್ತಿ ಈ ಊರನ್ನು ಪೂರ್ತಿ ಬಿಟ್ಟು ಹೋಗಿಲ್ಲ. ಗಿರಣಿಗಳು ಸೊರಗುತ್ತಿದ್ದ ಕಾಲದಲ್ಲೇ ಧಾರವಾಡದ ಹೊಲದಲ್ಲಿ ಡಾ. ಬಿ.ಎಚ್. ಕಟರಕಿ ಎರಡು ಬೇರೆ ಜಾತಿಯ ಹತ್ತಿಗಳನ್ನು ಬೆಸೆದು 1972ರಲ್ಲಿ 'ವರಲಕ್ಷ್ಮಿ' ಎಂಬ ಸಂಕರಣ ತಳಿ ಕೊಟ್ಟರು. ಉದ್ದ ಎಳೆಯ ಆ ಬಗೆಯ ಸಂಕರಣಗಳಲ್ಲಿ ಅದು ಮೊದಲನೆಯದು. ಮುಂದೆ 'ಜಯಲಕ್ಷ್ಮಿ' ಎಂದು ಹೆಸರಾದ ಡಿಸಿಎಚ್-32 ಬಂತು. ಆ ನಯವಾದ ಅರಳೆಯನ್ನು ಕೊಂಡು ನೂತದ್ದು ಹೆಚ್ಚಾಗಿ ತಮಿಳುನಾಡಿನ ಗಿರಣಿಗಳು. ಬೀಜ ನಮ್ಮದು, ನೂಲು ಅವರದು ಎಂಬಂತಾಯಿತು.

ನೂಲೂ ಬಟ್ಟೆಯೂ ನಮ್ಮದೇ ಆಗಿ ಉಳಿದಿರುವ ಜಾಗ ಹುಬ್ಬಳ್ಳಿಯ ಬೆಂಗೇರಿ. 1957ರಲ್ಲಿ ಗಾಂಧಿವಾದಿಗಳು ಕಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇರುವುದು ಇಲ್ಲಿ. ರಾಷ್ಟ್ರಧ್ವಜ ತಯಾರಿಸಲು 2006ರಲ್ಲಿ ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಮಾನ್ಯತೆ ಪಡೆದ ಈ ಸಂಸ್ಥೆ, ಬಹುಕಾಲ ಆ ಮಾನ್ಯತೆಯಿದ್ದ ದೇಶದ ಏಕೈಕ ಘಟಕವಾಗಿತ್ತು. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ ನೂತು ನೇಯ್ದ ಖಾದಿ ಬೆಂಗೇರಿಗೆ ಬಂದು ಕೇಸರಿ, ಬಿಳಿ, ಹಸಿರು ಎಂದು ಮೂರು ಪಾಲಾಗುತ್ತದೆ. ಬಿಳಿ ಪಟ್ಟಿಯ ಎರಡೂ ಮೈಗೆ 24 ಕಡ್ಡಿಗಳ ಚಕ್ರ ಅಚ್ಚಾಗುತ್ತದೆ, ಒಂದು ಮೈಯ ಚಕ್ರ ಇನ್ನೊಂದರ ಮೇಲೆ ಕರಾರುವಾಕ್ಕಾಗಿ ಕೂರಬೇಕು. ಆಮೇಲೆ ಮೂರು ಪಟ್ಟಿ ಕೂಡಿಸಿ ಹೊಲಿಯುತ್ತಾರೆ, ಹಗ್ಗ ಮತ್ತು ಮರದ ಗುಬ್ಬಿ ಜೋಡಿಸುತ್ತಾರೆ. ಅಂಗೈಗಲದ ಮೇಜಿನ ಬಾವುಟದಿಂದ 21 ಅಡಿ ಉದ್ದ, 14 ಅಡಿ ಅಗಲದ ಬಾವುಟದವರೆಗೆ ಒಂಬತ್ತು ಅಳತೆಗಳು. ಬಣ್ಣ ಬಿಟ್ಟರೆ, ಅಳತೆ ತಪ್ಪಿದರೆ, ಹೊಲಿಗೆ ಓರೆಯಾದರೆ ಆ ಬಾವುಟ ಹೊರಗೆ ಹೋಗುವುದಿಲ್ಲ. ಈ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು.

2021ರ ಡಿಸೆಂಬರ್ 30ರಂದು ಧ್ವಜಸಂಹಿತೆಗೆ ತಿದ್ದುಪಡಿ ಬಂದು ಯಂತ್ರದಲ್ಲಿ ಮಾಡಿದ ಬಾವುಟಕ್ಕೂ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಸಿಕ್ಕಿತು. ಮರುವರ್ಷ ಮನೆಮನೆಯಲ್ಲೂ ಬಾವುಟ ಹಾರಿಸುವ ಅಭಿಯಾನ ನಡೆದಾಗ ದೇಶ ತುಂಬಿದ್ದು ಪಾಲಿಯೆಸ್ಟರ್. ಬೆಂಗೇರಿಯವರು ಬೀದಿಗಿಳಿದು ಪ್ರತಿಭಟಿಸಿದರು. ಗಿರಣಿಗಳನ್ನು ಮುಚ್ಚಿಸಿದ ಅದೇ ಅಗ್ಗದ ಬಟ್ಟೆ ಈಗ ಖಾದಿಯ ಬಾಗಿಲಿಗೂ ಬಂದಿದೆ. ಗಿರಣಿಗಳ ಕಾಲದಲ್ಲಿ ಅದನ್ನು ತಡೆಯುವ ಶಕ್ತಿ ಯಾರಿಗೂ ಇರಲಿಲ್ಲ ಎನ್ನಬಹುದು. ಈ ಬಾರಿ ಹಾಗೆನ್ನಲಾಗದು, ಏಕೆಂದರೆ ದೊಡ್ಡ ಗಿರಾಕಿ ಸರ್ಕಾರವೇ.

ಆದ್ದರಿಂದ ಕೇಳುವುದು ಎರಡೇ. ಅವಳಿ ನಗರದಲ್ಲಿ ಇನ್ನು ಮುಂದೆ ಯಾವ ಕಂಪನಿಗೆ ಜಾಗ ಕೊಟ್ಟರೂ, ಇಲ್ಲಿನ ಐಟಿಐಗಳಲ್ಲಿ ಕಲಿತ ಎಷ್ಟು ಮಕ್ಕಳನ್ನು ಕಾಯಂ ಕೆಲಸಕ್ಕೆ ತೆಗೆದುಕೊಂಡಿತು ಎಂಬ ಲೆಕ್ಕವನ್ನು ವರ್ಷಕ್ಕೊಮ್ಮೆ ಬಹಿರಂಗವಾಗಿ ಕೇಳಬೇಕು. ಇನ್ನೊಂದು ಓದುಗರಿಗೆ ಮತ್ತು ಶಾಲೆ, ಬ್ಯಾಂಕು, ಪಂಚಾಯಿತಿಗಳಲ್ಲಿ ಕುಳಿತವರಿಗೆ. ಖಾದಿ ಬಾವುಟ ಒಂದೇ ದಿನದಲ್ಲಿ ಆಗುವಂಥದ್ದಲ್ಲ. ಆಗಸ್ಟ್ 15ಕ್ಕೆ ಬಾವುಟ ಬೇಕಿದ್ದರೆ ಜೂನ್ ತಿಂಗಳಲ್ಲೇ ಬೆಂಗೇರಿಗೆ ಆರ್ಡರ್ ಕೊಡಿ.