ಹಳೇ ಬೆಂಜ್ ಎಷ್ಟು ಕೊಡುತ್ತೆ?

ಊರಿಗೆ ಹೋದಾಗ ಯಾರ ಮನೆಯಲ್ಲಾದರೂ ಕಾರಿನ ಮಾತು ಬಂತೆಂದರೆ ಮೊದಲ ಪ್ರಶ್ನೆ ಒಂದೇ: "ಎಷ್ಟು ಕೊಡುತ್ತೆ?" ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮಾರುತಿ ಕಂಡರೂ ಇದೇ ಪ್ರಶ್ನೆ, ಬೆಂಜ್ ಕಂಡರೂ ಇದೇ ಪ್ರಶ್ನೆ. ಸಿಂಗಪುರದಲ್ಲಿ ಹೀಗೆ ಕೇಳುವವರು ಕಡಿಮೆ. ಹಳೆಯ ಬೆಂಜ್, ಬಿಎಂಡಬ್ಲ್ಯು, ಲೆಕ್ಸಸ್ ಇಟ್ಟುಕೊಂಡವರಂತೂ "ದೊಡ್ಡ ಕಾರು, ಕುಡಿಯುತ್ತೆ, ಏನ್ ಮಾಡೋದು" ಎಂದು ನಕ್ಕು ಸುಮ್ಮನಾಗುತ್ತಾರೆ. ಹೆಚ್ಚು ಕುಡಿಯುವ ಕಾರಿಗೇ ಈ ಪ್ರಶ್ನೆ ಹೆಚ್ಚು ಕೇಳಬೇಕು ಎಂಬುದು ನನ್ನ ವಾದ. ಲೆಕ್ಕ ಮುಂದೆ ಕೊಡುತ್ತೇನೆ, ಮಕ್ಕಳು ಪೆನ್ಸಿಲ್ ಹಿಡಿದು ಸರಿನೋಡಬಹುದು.

ಆಂಗ್ ಮೋ ಕಿಯೋದ ಯಾವುದೇ ಬಹುಮಹಡಿ ಕಾರ್ ಪಾರ್ಕ್ ಹತ್ತಿ ನೋಡಿ. ಹನ್ನೆರಡು, ಹದಿನೈದು ವರ್ಷದ ದೊಡ್ಡ ಕಾರುಗಳು ಅಲ್ಲಲ್ಲಿ ಕಾಣುತ್ತವೆ. ಎಚ್‌ಡಿಬಿ ಫ್ಲಾಟಿನವರಿಗೆ ಬೆಂಜ್ ಯಾಕೆ ಎಂದು ಊರಿಂದ ಬಂದ ನೆಂಟರು ಹುಬ್ಬೇರಿಸುತ್ತಾರೆ. ಕಾರಣ ಸಿಓಇ. 1990ರಿಂದ ಇಲ್ಲಿ ಕಾರು ಓಡಿಸಬೇಕಾದರೆ ಮೊದಲು ಹರಾಜಿನಲ್ಲಿ ಈ ಹಕ್ಕುಪತ್ರ ಪಡೆಯಬೇಕು. ಅದರ ಆಯುಸ್ಸು 10 ವರ್ಷ. ಹತ್ತು ವರ್ಷ ತುಂಬಿದ ಮೇಲೆ ಕಾರನ್ನು ಗುಜರಿಗೆ ಅಥವಾ ಹೊರದೇಶಕ್ಕೆ ಕಳಿಸಬೇಕು, ಇಲ್ಲವೇ ಹಿಂದಿನ ಮೂರು ತಿಂಗಳ ಹರಾಜಿನ ಸರಾಸರಿ ಬೆಲೆ ಕಟ್ಟಿ ಇನ್ನು 5 ಅಥವಾ 10 ವರ್ಷಕ್ಕೆ ನವೀಕರಿಸಬೇಕು. 2023ರ ಅಕ್ಟೋಬರಿನಲ್ಲಿ ದೊಡ್ಡ ಕಾರುಗಳ 'ಬಿ' ವರ್ಗದ ಸಿಓಇ 1,50,001 ಡಾಲರ್ ಮುಟ್ಟಿತ್ತು, ಅದೂ ಕಾರಿನ ಬೆಲೆ ಬಿಟ್ಟು! ಅದಕ್ಕೂ ಮೊದಲು, ದರ ಇಳಿದಿದ್ದ ಕಾಲದಲ್ಲಿ ನವೀಕರಿಸಿಕೊಂಡವರು ಹಳೆಯ ಕಾರನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ಆಶ್ಚರ್ಯವೇನಿಲ್ಲ. 5 ವರ್ಷಕ್ಕೆ ನವೀಕರಿಸಿದವರಿಗೆ ಮತ್ತೊಮ್ಮೆ ನವೀಕರಣವಿಲ್ಲ. ಹತ್ತು ವರ್ಷ ದಾಟಿದ ಕಾರಿಗೆ ರೋಡ್ ಟ್ಯಾಕ್ಸ್ ಮೇಲೆ ಶೇ. 10 ಹೆಚ್ಚುವರಿ, ಆಮೇಲೆ ವರ್ಷಕ್ಕೆ ಶೇ. 10ರಂತೆ ಏರುತ್ತಾ ಶೇ. 50ರವರೆಗೆ. ಇವು ಯಾವುವೂ ನಮ್ಮ ಕೈಯಲ್ಲಿಲ್ಲ. ಪೆಟ್ರೋಲ್ ಮಾತ್ರ ಸ್ವಲ್ಪ ಮಟ್ಟಿಗೆ ನಮ್ಮ ಬಲಗಾಲಿನ ಮಾತು ಕೇಳುತ್ತದೆ.

ಈಗ ಲೆಕ್ಕ. ಎರಡು ಮನೆ, ಎರಡೂ ಮನೆಯ ಕಾರು ವರ್ಷಕ್ಕೆ 10,000 ಕಿ.ಮೀ. ಓಡುತ್ತವೆ ಎಂದಿಟ್ಟುಕೊಳ್ಳಿ. ಒಬ್ಬರದು ಹೊಸ ಚಿಕ್ಕ ಕಾರು. ಲೀಟರಿಗೆ 16 ಕಿ.ಮೀ. ಕೊಡುತ್ತಿದ್ದದ್ದು ಜಾಣತನದ ಚಾಲನೆಯಿಂದ 20ಕ್ಕೆ ಏರಿತು. ಇನ್ನೊಬ್ಬರದು ಹಳೆಯ ದೊಡ್ಡ ಕಾರು. 8 ಇದ್ದದ್ದು 10 ಆಯಿತು. ಯಾರು ಹೆಚ್ಚು ಪೆಟ್ರೋಲ್ ಉಳಿಸಿದರು? ಬಹಳಷ್ಟು ಜನ ಮೊದಲನೆಯವರು ಎನ್ನುತ್ತಾರೆ, 4 ಕಿ.ಮೀ. ಏರಿತಲ್ಲ! ಭಾಗಾಕಾರ ಮಾಡಿ ನೋಡಿ. ಚಿಕ್ಕ ಕಾರು 625 ಲೀಟರಿನಿಂದ 500ಕ್ಕೆ ಇಳಿಯಿತು, ಉಳಿತಾಯ 125 ಲೀಟರ್. ದೊಡ್ಡ ಕಾರು 1,250ರಿಂದ 1,000ಕ್ಕೆ ಇಳಿಯಿತು, ಉಳಿತಾಯ 250 ಲೀಟರ್. ಸರಿಯಾಗಿ ಎರಡು ಪಟ್ಟು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ರಿಚರ್ಡ್ ಲ್ಯಾರಿಕ್ ಮತ್ತು ಜ್ಯಾಕ್ ಸೋಲ್ 2008ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದನ್ನೇ ಬರೆದು 'ಮೈಲೇಜ್ ಭ್ರಮೆ' ಎಂಬರ್ಥದ ಹೆಸರು ಕೊಟ್ಟರು. ಯುರೋಪಿನವರು 'ಲೀಟರಿಗೆ ಎಷ್ಟು' ಎನ್ನದೆ '100 ಕಿ.ಮೀ.ಗೆ ಎಷ್ಟು ಲೀಟರ್' ಎಂದು ಹೇಳುವುದು ಈ ಮಟ್ಟಿಗೆ ಹೆಚ್ಚು ಪ್ರಾಮಾಣಿಕ.

ಲೀಟರಿಗೆ 3 ಡಾಲರ್ ಎಂದು ಸುಲಭಕ್ಕೆ ಹಿಡಿದರೆ 250 ಲೀಟರ್ ಎಂದರೆ 750 ಡಾಲರ್. ಇಡೀ ಮನೆಯವರು ಊರಿಗೆ ಹೋಗಿಬರಲು ಸಾಲದು, ಆದರೆ ಒಂದಿಬ್ಬರ ಟಿಕೆಟಿಗೆ ಹತ್ತಿರ. ಗಾಳಿಗೆ ಸೇರುವುದನ್ನೂ ಲೆಕ್ಕ ಹಾಕಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಮುಕ್ಕಾಲು ಕಿಲೋ ತೂಗುವ ಪೆಟ್ರೋಲಿನಿಂದ ಅದರ ಮೂರರಷ್ಟು ತೂಕ ಹೇಗೆ ಬಂತು? ಪೆಟ್ರೋಲಿನ ಇಂಗಾಲ ಗಾಳಿಯಲ್ಲಿರುವ ಆಮ್ಲಜನಕವನ್ನು ತನ್ನ ಜೊತೆ ಸೇರಿಸಿಕೊಳ್ಳುತ್ತದೆ, ತೂಕದ ಬಹುಪಾಲು ಅದರದ್ದೇ.

ಎಂಟನ್ನು ಹತ್ತು ಮಾಡುವುದು ಹೇಗೆ? ಮುಖ್ಯ ಶತ್ರು ಬ್ರೇಕ್. ಬ್ರೇಕ್ ಪೆಟ್ರೋಲ್ ಕುಡಿಯುವುದಿಲ್ಲ, ನಿಜ. ಆದರೆ ಆಗಲೇ ಪೆಟ್ರೋಲ್ ಸುಟ್ಟು ಗಳಿಸಿದ ವೇಗವನ್ನು ಅದು ಬಿಸಿ ಮಾಡಿ ಬಿಸಾಡುತ್ತದೆ. ಸೆಕೆಂಡರಿ ಶಾಲೆಯ ಮಕ್ಕಳಿಗೆ ಚಲನ ಶಕ್ತಿಯ ಸೂತ್ರ ಗೊತ್ತಿರುತ್ತದೆ: ತೂಕದ ಅರ್ಧವನ್ನು ವೇಗದ ವರ್ಗದಿಂದ ಗುಣಿಸಬೇಕು. ನಾಲ್ವರು ಕುಳಿತ ದೊಡ್ಡ ಸೆಡಾನ್ 1,800 ಕಿಲೋ ಎನ್ನೋಣ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅದರ ಚಲನ ಶಕ್ತಿ 250 ಕಿಲೋಜೂಲ್. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇದ್ದರೂ ಕಾಲು ಭಾಗದಷ್ಟೇ ಚಕ್ರ ತಲುಪುತ್ತದೆ, ಅಂದರೆ 8 ಮೆಗಾಜೂಲ್. ಹಾಗಾದರೆ 60ರಿಂದ ಸೊನ್ನೆಗೆ ಒಮ್ಮೆ ಬ್ರೇಕ್ ಒತ್ತಿದರೆ ಹೋದದ್ದು 31 ಮಿಲಿಲೀಟರ್, ಎರಡು ದೊಡ್ಡ ಚಮಚ ಪೆಟ್ರೋಲ್. ಮೂವತ್ತೆರಡು ಸಲ ಹೀಗೆ ಮಾಡಿದರೆ ಒಂದು ಲೀಟರ್ ಖಾಲಿ. ಅದೇ 40 ಕಿ.ಮೀ. ವೇಗದಿಂದ ನಿಂತರೆ ನಷ್ಟ 14 ಮಿಲಿಲೀಟರ್, ಅರ್ಧಕ್ಕಿಂತ ಕಡಿಮೆ. ಹೈಬ್ರಿಡ್ ಕಾರುಗಳು ಈ ಶಕ್ತಿಯಲ್ಲಿ ಒಂದಿಷ್ಟನ್ನು ಬ್ಯಾಟರಿಗೆ ಹಿಂತಿರುಗಿಸುತ್ತವೆ. ನಮ್ಮ ಹಳೇ ಗಾಡಿಗಳಿಗೆ ಆ ಭಾಗ್ಯವಿಲ್ಲ, ತೂಕ ಮಾತ್ರ ಭರ್ಜರಿ.

ಆಂಗ್ ಮೋ ಕಿಯೋ ಅವೆನ್ಯೂ 3 ಅಥವಾ 6ರಲ್ಲಿ ಓಡಾಡುವವರಿಗೆ ಈ ದೃಶ್ಯ ಗೊತ್ತು. ಸಿಗ್ನಲ್ ಹಸಿರಾಗುತ್ತಲೇ ಒಬ್ಬರು ರೊಯ್ಯನೆ ಮುಂದೆ ಹೋಗುತ್ತಾರೆ. ಮುಂದಿನ ಕೆಂಪು ದೀಪದಲ್ಲಿ ನಾವು ನಿಧಾನವಾಗಿ ಹೋಗಿ ಅವರ ಪಕ್ಕದಲ್ಲೇ ನಿಲ್ಲುತ್ತೇವೆ. ಅವೆನ್ಯೂ 6ರಲ್ಲಂತೂ ನಾರ್ತ್-ಸೌತ್ ಕಾರಿಡಾರಿನ ಕಾಮಗಾರಿ ಶುರುವಾದ ಮೇಲೆ ರೊಯ್ಯನೆ ಹೋಗಿ ಯಾರೂ ಏನೂ ಗೆದ್ದದ್ದು ನಾನು ಕಂಡಿಲ್ಲ. ನಿಂತು ಹೊರಡುವ ಸಂಚಾರದಲ್ಲಿ ಇಂಥ ಒರಟು ಚಾಲನೆಯಿಂದ ಮೈಲೇಜ್ ಶೇ. 10ರಿಂದ 40ರಷ್ಟು ಇಳಿಯಬಹುದು ಎನ್ನುತ್ತದೆ ಅಮೆರಿಕದ ಇಂಧನ ಇಲಾಖೆ. ಎಂಟು-ಹತ್ತರ ಅಂತರ ಅದರೊಳಗೇ ಇದೆ. ಇಲ್ಲಿ ಮಕ್ಕಳಿಗೂ ಒಂದು ಕೆಲಸವಿದೆ. ನಮ್ಮ ದಾರಿಯ ಪಕ್ಕದಲ್ಲೇ ರಸ್ತೆ ದಾಟುವವರಿಗಿರುವ 'ಹಸಿರು ಮನುಷ್ಯ'ನ ಜೊತೆ ಓಡುವ ಅಂಕಿ ದೂರದಿಂದಲೇ ಕಾಣುತ್ತದೆ. "ಅಪ್ಪಾ, ಐದು... ನಾಲ್ಕು..." ಎಂದು ಹಿಂದಿನ ಸೀಟಿನಿಂದ ಕೇಳಿಸಿದರೆ ನಮ್ಮ ದೀಪವೂ ಬದಲಾಗುವ ಹೊತ್ತಾಯಿತು, ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು. ಹೇಗಾದರೂ ದಾಟಿಬಿಡೋಣ ಎಂದು ಒತ್ತುವುದಕ್ಕಲ್ಲ!

ಕಾಲು ತೆಗೆಯಬೇಕು ಸರಿ, ಗೇರ್? ಇಲ್ಲಿ ನಮ್ಮ ಊರಿನ ಒಂದು ಹಳೆಯ ಅಭ್ಯಾಸ ಅಡ್ಡ ಬರುತ್ತದೆ. ಆಗುಂಬೆ, ಚಾರ್ಮಾಡಿ ಘಾಟಿ ಇಳಿಯುವಾಗ ನ್ಯೂಟ್ರಲ್‌ಗೆ ಹಾಕಿ, ಕೆಲವರು ಎಂಜಿನ್ನೇ ಆಫ್ ಮಾಡಿ ಅಂಬಾಸಿಡರ್ ಇಳಿಸುತ್ತಿದ್ದ ಕಾಲವಿತ್ತು. ಅದು ಕಾರ್ಬ್ಯುರೇಟರ್ ಕಾಲದ ಉಳಿತಾಯ. ಆಗ ಎಂಜಿನ್ ತಿರುಗುತ್ತಿದ್ದರೆ ಸಾಕು, ಬೇಕಿರಲಿ ಬೇಡದಿರಲಿ ಪೆಟ್ರೋಲ್ ಎಳೆದುಕೊಳ್ಳುತ್ತಿತ್ತು. ಇಂಜೆಕ್ಷನ್ ಇರುವ ಕಾರು ಹಾಗಲ್ಲ. ಗೇರಿನಲ್ಲಿ ಓಡುತ್ತಿರುವಾಗ ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಕಂಪ್ಯೂಟರ್ ಪೆಟ್ರೋಲನ್ನು ನಿಲ್ಲಿಸಿಬಿಡುತ್ತದೆ. ಎಂಜಿನ್ನನ್ನು ಆಗ ಚಕ್ರಗಳೇ ತಿರುಗಿಸುತ್ತಿರುತ್ತವೆ. ನ್ಯೂಟ್ರಲ್‌ಗೆ ಹಾಕಿದಿರೋ, ಎಂಜಿನ್ ಆರದಂತೆ ಮತ್ತೆ ಪೆಟ್ರೋಲ್ ಸುರಿಯಬೇಕಾಗುತ್ತದೆ. ಇಪ್ಪತ್ತು ವರ್ಷದ ಹಳೆಯ ಬೆಂಜ್, ಬಿಎಂಡಬ್ಲ್ಯುಗಳಲ್ಲೂ ಇರುವುದು ಇಂಜೆಕ್ಷನ್ನೇ. ಸಿಟಿಇಯಿಂದ ಅವೆನ್ಯೂ 3ಕ್ಕೆ ಇಳಿಯುವಾಗ ಮುಂದೆ ಕೆಂಪು ಕಂಡರೆ ಗೇರ್ 'ಡಿ'ಯಲ್ಲೇ ಇರಲಿ, ಕಾಲು ಮಾತ್ರ ಮೇಲೆ ಬರಲಿ. ಎಂಜಿನ್ ಆಫ್ ಮಾಡುವುದಂತೂ ಪ್ರಾಣಕ್ಕೆ ಸಂಚಕಾರ, ಪವರ್ ಸ್ಟಿಯರಿಂಗ್ ಕೈಕೊಡುತ್ತದೆ, ಬ್ರೇಕ್ ಕಲ್ಲಾಗುತ್ತದೆ. ಊರಿನಲ್ಲಿರುವ ಮಾವಂದಿರಿಗೆ ಇದನ್ನು ಒಪ್ಪಿಸುವುದು ಸುಲಭವಲ್ಲ ಎಂದು ಅನುಭವದಿಂದ ಹೇಳುತ್ತೇನೆ.

ಇನ್ನು ಸ್ವಲ್ಪ ಮುಜುಗರದ ವಿಷಯ. ಕನ್ನಡ ತರಗತಿ ಬಿಡುವ ಹೊತ್ತಿಗೆ ಹೊರಗೆ ಎಂಜಿನ್ ಚಾಲೂ ಇಟ್ಟು, ಎಸಿ ಹಾಕಿಕೊಂಡು, ಫೋನ್ ನೋಡುತ್ತಾ ಕುಳಿತ ಪೋಷಕರು ಎಷ್ಟು ಜನ? ನಿಂತ ಕಾರು ಎಂಜಿನ್ನಿನ ಗಾತ್ರ ಮತ್ತು ಎಸಿ ನೋಡಿಕೊಂಡು ಗಂಟೆಗೆ ಸುಮಾರು 1ರಿಂದ 2 ಲೀಟರ್ ಕುಡಿಯುತ್ತದೆ. ದೊಡ್ಡ ಎಂಜಿನ್ನಿನ ಕಾರಿನಲ್ಲಿ ಇಪ್ಪತ್ತು ನಿಮಿಷ ಕಾದರೆ ಅರ್ಧ ಲೀಟರಿಗೂ ಮೀರಬಹುದು, ಕಿಲೋಮೀಟರ್ ಸೊನ್ನೆ. ಸಿಗ್ನಲ್ಲಿನಂಥ ಸಂಚಾರದ ಕಾರಣವಿಲ್ಲದೆ ನಿಂತ ವಾಹನದ ಎಂಜಿನ್ ಓಡಿಸುತ್ತಿರುವುದು ಸಿಂಗಪುರದಲ್ಲಿ ಅಪರಾಧ ಕೂಡ, ಎನ್‌ಇಎ ದಂಡ ಹಾಕಬಹುದು. ಸೆಕೆ ಎನ್ನುವವರು ಇಳಿದು ಒಳಗೆ ಬನ್ನಿ, ಫ್ಯಾನ್ ಇದೆ, ಮಾತಿಗೆ ಜನರಿದ್ದಾರೆ.

ಎಸಿ ಇಲ್ಲದೆ ಇಲ್ಲಿ ಕಾರು ಓಡಿಸಿ ಎಂದು ನಾನು ಹೇಳುವುದಿಲ್ಲ. ಬಿಸಿಲಿನಲ್ಲಿ ನಿಂತಿದ್ದ ಕಾರಾದರೆ ಮೊದಲು ಕಿಟಕಿಗಳನ್ನು ಇಳಿಸಿ, ಒಳಗಿನ ಬಿಸಿಗಾಳಿ ಹೋದ ಮೇಲೆ ಎಸಿ ಹಾಕಿದರೆ ಅದಕ್ಕೆ ಕೆಲಸ ಕಡಿಮೆ. ಎಸಿಯ ಹೊಡೆತ ಹೆಚ್ಚು ಬೀಳುವುದು ಚಿಕ್ಕ ಓಡಾಟಗಳಲ್ಲಿ. ತಣ್ಣಗಿನ ಎಂಜಿನ್ ಹೆಚ್ಚು ಕುಡಿಯುವುದೂ ಆಗಲೇ. ನಮ್ಮ ಸೆಕೆಯಲ್ಲಿ 'ತಣ್ಣಗೆ' ಎಂದರೆ ನಗಬೇಡಿ. ಎಂಜಿನ್ನಿಗೆ ಬೇಕಾದದ್ದು 90 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು, ಕಾರ್ ಪಾರ್ಕಿನಲ್ಲಿ ಸಿಗುವುದು 28. ಬ್ಲಾಕಿನಿಂದ ಎಎಂಕೆ ಹಬ್‌ಗೆ ಹೋಗಿ ಹಾಲು ತರುವಷ್ಟರಲ್ಲಿ ಅದು ಬಿಸಿಯೇ ಆಗಿರುವುದಿಲ್ಲ. ಅಷ್ಟು ದೂರಕ್ಕೆ ಕಾರು ತೆಗೆಯುವವರಿಗೆ ಬೇರೆ ಯಾವ ಉಪಾಯವೂ ನಾಟುವುದಿಲ್ಲ. ಕನ್ನಡ ತರಗತಿ, ಟೆಕ್ಕಾದ ತರಕಾರಿ, ದೇವಸ್ಥಾನ ಇವನ್ನು ಒಂದೇ ಸುತ್ತಿನಲ್ಲಿ ಮುಗಿಸಿದರೆ ಎಂಜಿನ್ ಬಿಸಿ ಆರುವ ಮೊದಲೇ ಮುಂದಿನ ಕೆಲಸ ಶುರುವಾಗುತ್ತದೆ. ಹಾಗೆಂದು ಬೆಳಗ್ಗೆ ನಿಲ್ಲಿಸಿಯೇ ಐದು ನಿಮಿಷ ಬಿಸಿ ಮಾಡಬೇಕಿಲ್ಲ, ಮೆಲ್ಲಗೆ ಹೊರಟರೆ ಸಾಕು.

ಚೆನ್ನಾಗಿ ಓಡಿಸಿಯೂ ಮೈಲೇಜ್ ಬರದಿದ್ದರೆ ತಪ್ಪು ಕಾರಿನಲ್ಲೇ ಇರಬಹುದು. ವಯಸ್ಸಾದ ಕಾರುಗಳಲ್ಲಿ ಥರ್ಮೋಸ್ಟಾಟ್ ತೆರೆದೇ ಉಳಿದುಬಿಡುವುದುಂಟು. ಆಗ ಎಂಜಿನ್ ಸರಿಯಾಗಿ ಬಿಸಿಯಾಗದು, ಕಂಪ್ಯೂಟರ್ "ಇನ್ನೂ ತಣ್ಣಗಿದೆ" ಎಂದುಕೊಂಡು ಹೆಚ್ಚು ಪೆಟ್ರೋಲ್ ಕೊಡುತ್ತಲೇ ಇರುತ್ತದೆ. ಚಳಿ ದೇಶದಲ್ಲಾದರೆ ಹೀಟರ್ ಬಿಸಿಗಾಳಿ ಕೊಡದೆ ಇದು ಬೇಗ ಗೊತ್ತಾಗುತ್ತದೆ, ಹೀಟರನ್ನೇ ಮುಟ್ಟದ ನಮಗೆ ಗೊತ್ತಾಗುವುದಿಲ್ಲ. ಉಷ್ಣತೆಯ ಮುಳ್ಳು ಮಾಮೂಲಿ ಜಾಗಕ್ಕೆ ಬರುತ್ತಿದೆಯೇ ಎಂದು ಆಗಾಗ ನೋಡಿ. ಸೈಲೆನ್ಸರ್ ಕಡೆಯ ಆಕ್ಸಿಜನ್ ಸೆನ್ಸರ್ ಮುದಿಯಾದರೂ ಹೀಗೇ ಲೆಕ್ಕ ತಪ್ಪುತ್ತದೆ. ಹತ್ತು ವರ್ಷ ದಾಟಿದ ಕಾರನ್ನು ಹೇಗೂ ಪ್ರತಿ ವರ್ಷ ತಪಾಸಣೆಗೆ ಒಯ್ಯಬೇಕು. ಇಂಡಸ್ಟ್ರಿಯಲ್ ಪಾರ್ಕ್ 2ರ ಕಡೆ ಗ್ಯಾರೇಜುಗಳಿಗೆ ಬರವಿಲ್ಲ, ಹೋದಾಗ ಇವೆರಡನ್ನೂ ಹೆಸರು ಹಿಡಿದು ಕೇಳಿ. ಏರ್ ಫಿಲ್ಟರ್ ಬದಲಿಸಿದರೆ ಮೈಲೇಜ್ ಏರುತ್ತದೆ ಎಂಬ ಮಾತು ಕಾರ್ಬ್ಯುರೇಟರ್ ಕಾಲದ್ದು. ಇಂಜೆಕ್ಷನ್ ಕಾರಿನಲ್ಲಿ ಕೊಳೆ ಫಿಲ್ಟರಿನಿಂದ ಎಳೆತ ಕುಗ್ಗುತ್ತದೆಯೇ ಹೊರತು ಮೈಲೇಜ್ ಅಷ್ಟಾಗಿ ಬದಲಾಗದು. ಟೈರಿನ ಗಾಳಿ ತಿಂಗಳಿಗೊಮ್ಮೆ ನೋಡಿ, ಪೆಟ್ರೋಲ್ ಬಂಕಿನಲ್ಲಿ ಪುಕ್ಕಟೆ. ಪೆಟ್ರೋಲ್ ಮುಚ್ಚಳದ ಒಳಬದಿಯ ಚೀಟಿ 95 ಸಾಕು ಎಂದರೆ ಬೆಂಜ್ ಎಂಬ ಮರ್ಯಾದೆಗಾಗಿ 98 ಹಾಕಿಸಬೇಕಿಲ್ಲ. ಚೀಟಿ 98 ಎಂದಿದ್ದರೆ ಮಾತ್ರ ಜಿಪುಣತನ ಬೇಡ.

ಶಾಲೆಯ ರಜೆಯಲ್ಲಿ ಮಲಕ್ಕಾ, ಕೌಲಾಲಂಪುರಕ್ಕೆ ಹೋಗುವವರಿಗೆ ಒಂದು ಮಾತು. ಅಲ್ಲಿನ ಹೆದ್ದಾರಿಯ ಮಿತಿ 110. 90ಕ್ಕೆ ಹೋಲಿಸಿದರೆ 110ರಲ್ಲಿ ಗಾಳಿಯ ತಡೆ ಸುಮಾರು ಒಂದೂವರೆ ಪಟ್ಟು. ಗಡಿ ದಾಟುವಾಗ ಸಿಂಗಪುರದ ಕಾರಿನ ಟ್ಯಾಂಕ್ ಮುಕ್ಕಾಲಾದರೂ ತುಂಬಿರಬೇಕೆಂಬ ನಿಯಮವೂ ನೆನಪಿರಲಿ, ಇಲ್ಲವಾದರೆ ದಂಡ. ಕೇವಲ ಅಗ್ಗದ ಪೆಟ್ರೋಲಿಗಾಗಿ ವುಡ್‌ಲ್ಯಾಂಡ್ಸ್ ಸಾಲಿನಲ್ಲಿ ಎಸಿ ಹಾಕಿಕೊಂಡು ಎರಡು ಗಂಟೆ ಕಾಯುವವರ ಉಳಿತಾಯದ ಲೆಕ್ಕವನ್ನು ಮಕ್ಕಳೇ ಮಾಡಲಿ.

ನಿಮ್ಮ ಕಾರು ಎಷ್ಟು ಕೊಡುತ್ತೆ ಎಂದು ತಿಳಿಯಲು ಒಂದು ಹಳೆಯ ನೋಟ್‌ಬುಕ್ ಸಾಕು. ಡ್ಯಾಶ್‌ಬೋರ್ಡಿನ ಅಂಕಿಯನ್ನು ಪೂರ್ತಿ ನಂಬಬೇಡಿ. ಟ್ಯಾಂಕ್ ತುಂಬಿಸಿ, ಪಂಪ್ ತಾನಾಗಿ 'ಟಕ್' ಎಂದು ನಿಂತ ಕೂಡಲೇ ಮುಗಿಸಿ, ಟ್ರಿಪ್ ಮೀಟರನ್ನು ಸೊನ್ನೆ ಮಾಡಿ. ಮುಂದಿನ ಸಲ ಅದೇ ಬಂಕಿನಲ್ಲಿ ಮತ್ತೆ ಟಕ್ ಎನ್ನುವವರೆಗೆ ತುಂಬಿಸಿ. ಮೀಟರ್ 412 ಕಿ.ಮೀ. ತೋರಿಸಿ ರಶೀದಿಯಲ್ಲಿ 46 ಲೀಟರ್ ಇದ್ದರೆ ಲೀಟರಿಗೆ 9ರ ಹತ್ತಿರ, ಇನ್ನೊಂದು ರೀತಿಯಲ್ಲಿ 100 ಕಿ.ಮೀ.ಗೆ 11.2 ಲೀಟರ್. ದಿನಾಂಕ, ಕಿ.ಮೀ., ಲೀಟರ್ ಬರೆಯುವುದು ಮಕ್ಕಳ ಪಾಲಿಗಿರಲಿ, ಕನ್ನಡದಲ್ಲೇ ಬರೆಯಲಿ. ಪಂಪ್ ಒಂದೊಂದು ಸಲ ಬೇಗ ನಿಂತುಬಿಡುತ್ತದೆ. ಅದಕ್ಕೇ ಒಂದು ಸಲದ ಅಂಕಿ ನೋಡಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ, ನಾಲ್ಕು ಸಲ ತುಂಬಿಸಿದ ಮೇಲೆ ಸರಾಸರಿ ತೆಗೆಯಿರಿ.